ಚಹಾದ ಟ್ರೇ ಹೊತ್ತ ಪೆಟ್ಟಿಗೆ

ತಾವರಗೇರಾದ ರಟ್ಟಿನ ಪೆಟ್ಟಿಗೆಗಳು ಕುಸಿದದ್ದಕ್ಕೆ ಕಾರಣ ಕಾಗದವಲ್ಲ, ಕಚೇರಿ. ತಪ್ಪು ಚಿತ್ರವನ್ನು ಅಚ್ಚು ಹಾಕಿಸಿ, ಅದನ್ನೇ ತರಬೇತಿ ಎಂದು ಹಂಚಿ, ಪ್ರಮಾಣಪತ್ರ ಕೊಟ್ಟು, ಫೋಟೊ ತೆಗೆಸಿಕೊಂಡು ಎದ್ದು ಹೋದವರೇ ಇದಕ್ಕೆ ಹೊಣೆ. (ಈ ಅಂಕಣವನ್ನು ವಾರವಾರ ಓದುವವರು ‘ಇವಳದು ಮತ್ತೆ ಶುರುವಾಯಿತು’ ಎನ್ನಬೇಡಿ. ಈ ಸಲ ನಾನು ಖುಷಿಯಲ್ಲೂ ಇದ್ದೇನೆ.)

ನನ್ನ ಸೋದರತ್ತೆ ಶರಣಮ್ಮ ತಾವರಗೇರಾದಲ್ಲಿ ಒಂದು ಸಣ್ಣ ಘಟಕ ನಡೆಸುತ್ತಾರೆ. ರಟ್ಟಿನ ಹಾಳೆ ತರಿಸಿ, ಕತ್ತರಿಸಿ, ಮಡಚಿ, ಪಿನ್ ಹೊಡೆದು ದಾಳಿಂಬೆ ತುಂಬುವ ಪೆಟ್ಟಿಗೆ ಮಾಡುವ ಕೆಲಸ. ಅತ್ತೆಯೂ ಸೇರಿ ಐದು ಜನ ಹೆಂಗಸರು. ಕುಷ್ಟಗಿ, ಯಲಬುರ್ಗಾ ಕಡೆಯ ತೋಟಗಳವರೇ ಅವರ ಗಿರಾಕಿಗಳು.

ಕಳೆದ ತಿಂಗಳು ನಾನು ಅಲ್ಲಿದ್ದಾಗ ಯಲಬುರ್ಗಾದ ಬೆಳೆಗಾರ ವಿರುಪಾಕ್ಷಪ್ಪ ಚಪ್ಪಟೆಯಾದ ಪೆಟ್ಟಿಗೆಯೊಂದನ್ನು ಕಂಕುಳಲ್ಲಿ ಇರುಕಿಕೊಂಡು ಬಂದರು.

“ಶರಣಮ್ಮಾರ, ನಾ ಬಾಕ್ಸ್ ಕೇಳಿದ್ನಿ. ನೀವು ಹಪ್ಪಳ ಕೊಟ್ಟೀರಿ.”

“ಅಯ್ಯ, ಏನಾತ್ರಿ?”

“ಈ ಸಲ ದೂರದ ಪ್ಯಾಟಿ ಅಂತ ಲಾರಿಯೊಳಗ ಎತ್ತರ ಹೇರಿದ್ವಿ, ಕೆಳಗಿನ ಸಾಲು ಪೂರಾ ಕುಂತಬಿಟ್ಟೈತಿ. ಹಣ್ಣು ಜಜ್ಜಿ ರಸ ಸೋರಾಕತ್ತಿತ್ತು. ಮುಂದಿನ ವಾರ ಇನ್ನೊಂದು ಲೋಡ್ ಐತಿ. ಅದೂ ಹಿಂಗಾತಂದ್ರ ನಾ ಹೊರಗಿಂದ ತರಸ್ತೀನಿ. ಬ್ಯಾಸರ ಮಾಡ್ಕೋಬ್ಯಾಡ್ರಿ.”

ಬೇಸರದ ಮಾತೆಲ್ಲಿ ಬಂತು? ವಿರುಪಾಕ್ಷಪ್ಪ ಹೋದರೆ ಅವರ ಹಿಂದೆ ಅಕ್ಕಪಕ್ಕದ ತೋಟದವರೂ ಹೋಗುತ್ತಾರೆ. ಆಮೇಲೆ ಘಟಕಕ್ಕೆ ಬೀಗ. ಉಳಿದದ್ದು ಒಂದೇ ಲೋಡಿನ ಅವಕಾಶ.

ವಿಶ್ವವಿದ್ಯಾಲಯದಲ್ಲಿ ಕಲಿತವಳಲ್ಲವೇ ನಾನು? ಕೂಡಲೇ ಪರಿಹಾರ ಸೂಚಿಸಿದೆ: ರಟ್ಟನ್ನು ಇನ್ನಷ್ಟು ದಪ್ಪ ಮಾಡಿ.

“ಹೌದವ್ವಾ, ದಪ್ಪ ಮಾಡಿ ಬಾಕ್ಸ್ ಹಣ್ಣಿಗಿಂತ ತುಟ್ಟಿ ಮಾಡೂನು” ಎಂದರು ಅತ್ತೆ.

ಹುಲಿಗೆವ್ವ ಮಾತ್ರ ಆ ಚಪ್ಪಟೆ ಪೆಟ್ಟಿಗೆಯ ಪಕ್ಕವನ್ನು ಸೀಳಿ ನೋಡುತ್ತಿದ್ದಳು. ಘಟಕದಲ್ಲಿ ಕತ್ತರಿಸುವ ಕೆಲಸ ಅವಳದು. ಮನೆಯಲ್ಲಿ ಎರಡು ಎಮ್ಮೆ, ಹಿತ್ತಲ ತುಂಬ ಮೇವು.

“ಅಕ್ಕಾರ, ನೀವು ಸಾಲಿ ಭಾಳ ಕಲ್ತೀರಿ. ಜ್ವಾಳದ ದಂಟಿನ ಸೂಡು ನಿಲ್ಲಿಸಿ ಮ್ಯಾಲ ಭಾರ ಇಟ್ರ ತಡೀತೈತೋ, ಮಲಗಿಸಿ ಇಟ್ರೋ?”

ರಟ್ಟನ್ನು ನೀವೂ ಸೀಳಿ ನೋಡಿ. ಎರಡು ಹಾಳೆಗಳ ನಡುವೆ ಇನ್ನೊಂದು ಹಾಳೆ ಅಲೆಅಲೆಯಾಗಿ ಓಡಿರುತ್ತದೆ. ಪೆಟ್ಟಿಗೆಯ ಗೋಡೆಯಲ್ಲಿ ಆ ಗೆರೆಗಳು ನೆಟ್ಟಗೆ ನಿಂತರೆ ಒಂದೊಂದೂ ಕಂಬ. ಅಡ್ಡ ಮಲಗಿದರೆ ಭಾರ ಬಿದ್ದ ಕಡೆ ಮಡಚಿಕೊಳ್ಳುತ್ತವೆ. ನಮ್ಮ ಪೆಟ್ಟಿಗೆಗಳಲ್ಲಿ ಅಷ್ಟೂ ಮಲಗಿದ್ದವು.

ಯಾಕೆ ಹಾಗೆ ಕತ್ತರಿಸಿದರು? ಅತ್ತೆ ದೇವರ ಗೂಡಿನಿಂದ ತರಬೇತಿಯ ಪುಸ್ತಿಕೆ ತಂದು ತೋರಿಸಿದರು. ‘ಹಾಳೆ ವ್ಯರ್ಥವಾಗದಂತೆ ಕತ್ತರಿಸುವ ವಿಧಾನ’ ಎಂದು ಚಿತ್ರ. ಗೆರೆಗಳು ಅಡ್ಡಡ್ಡ. ಪ್ರತಿ ವರ್ಷ ಆಯುಧ ಪೂಜೆಯಲ್ಲಿ ಯಂತ್ರದ ಜೊತೆ ಪುಸ್ತಿಕೆಗೂ ಕುಂಕುಮ ಹಚ್ಚಿ, ಆ ಪುಟವೇ ಕೆಂಪಾಗಿತ್ತು. ಪೂಜೆ ಮಾಡಿದ ಪುಟವನ್ನು ಯಾರಾದರೂ ತಪ್ಪೆನ್ನುತ್ತಾರೆಯೇ?

“ನನಗ ಮೊದಲ ಅನಿಸಿತ್ರಿ” ಎಂದಳು ಹುಲಿಗೆವ್ವ. “ಆದ್ರ ಸಾಹೇಬ್ರು ಪುಸ್ತಕದಾಗ ಬರೆದದ್ದಕ್ಕ ನಾ ಏನ್ ಅನ್ಲಿ?”

ಅಂದೇ ಹಾಳೆ ತಿರುಗಿಸಿ ಕತ್ತರಿಸಿದರು. ಅಂಚಿನಲ್ಲಿ ಗೇಣಗಲದ ಪಟ್ಟಿ ಉಳಿಯಿತು. ವ್ಯರ್ಥವೇ? ಇಲ್ಲ. ಹಣ್ಣುಗಳ ನಡುವಿನ ಅಡ್ಡಗೋಡೆಗೆ ಈವರೆಗೆ ಹೊಸ ಹಾಳೆಯನ್ನೇ ಕತ್ತರಿಸುತ್ತಿದ್ದರು. ಈಗ ಆ ಪಟ್ಟಿಗಳೇ ಸಾಕಾದವು. ಅದೇ ಕಾಗದ, ಅದೇ ಕೈ. ಬದಲಾದದ್ದು ದಿಕ್ಕು ಮಾತ್ರ.

ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ಜೋಳದ ಚೀಲ ಹೇರಿದರು. ಹಳೆಯದು ಎರಡನೇ ಚೀಲಕ್ಕೆ ಮಂಡಿಯೂರಿತು. ಹೊಸದು ನಾಲ್ಕನ್ನು ಹೊತ್ತು ನಿಂತಿತು. ಅತ್ತೆ ಆ ಚೀಲಗಳ ಮೇಲೆ ಹತ್ತಿ ಕುಳಿತು, “ಇನ್ನ ಚಾ ತರ್ರಿ” ಎಂದರು. ನಾನು ಫೋಟೊ ತೆಗೆದೆ.

ವಿರುಪಾಕ್ಷಪ್ಪ ಬಂದು ನೋಡಿದರು, ಒಪ್ಪಿದರು. ಆದರೂ ತಲೆ ಕೆರೆದುಕೊಂಡರು. “ನಾ ನಂಬ್ತೀನ್ರಿ. ಪ್ಯಾಟಿ ವ್ಯಾಪಾರಿ ಪರೀಕ್ಷೆ ಮಾಡಿಸಿದ ಚೀಟಿ ಕೇಳ್ತಾನ.”

ಹಾಗಾಗಿ ಹೊಸ ಪೆಟ್ಟಿಗೆ ಹಿಡಿದು ನಾನೂ ಹುಲಿಗೆವ್ವನೂ ಕೊಪ್ಪಳದ ಬಸ್ಸು ಹತ್ತಿದೆವು. ತರಬೇತಿ ಕೊಟ್ಟ ಕಚೇರಿಗೇ ಹೋದೆವು (ಹೆಸರು ಬರೆಯುವುದಿಲ್ಲ; ಅವರಿಗೆ ಗೊತ್ತಾಗುತ್ತದೆ). ರಟ್ಟಿನ ಬಲ ಅಳೆಯುವ ಯಂತ್ರ ಅಲ್ಲಿದೆ ಎಂದು ಪುಸ್ತಿಕೆಯ ಕೊನೆಯ ಪುಟದಲ್ಲಿ ಅಚ್ಚಾಗಿತ್ತು.

“ಮಷಿನ್ ಬಂದೈತ್ರಿ. ಇನ್ನಾ ಬಿಚ್ಚಿಲ್ಲ” ಎಂದರು ಗುಮಾಸ್ತರು.

“ಯಾವಾಗ ಬಿಚ್ಚತೀರಿ?”

“ಬಿಚ್ಚೋರು ಬರಬೇಕಲ್ರಿ ಮೇಡಂ.”

ಯಂತ್ರ ಅವರ ಬೆನ್ನ ಹಿಂದೆಯೇ ಇತ್ತು, ಬಂದ ರಟ್ಟಿನ ಪೆಟ್ಟಿಗೆಯೊಳಗೇ. ಪೆಟ್ಟಿಗೆಯ ಮೇಲೆ ಕಡತಗಳ ಗಂಟು, ಗಂಟಿನ ಮೇಲೆ ಚಹಾದ ಟ್ರೇ, ಆರು ಲೋಟ. ಹುಲಿಗೆವ್ವ ಕುಕ್ಕರುಗಾಲಲ್ಲಿ ಕುಳಿತು, ಹರಿದಿದ್ದ ಒಂದು ಮೂಲೆಯನ್ನು ಬೆರಳಿನಿಂದ ಬಿಡಿಸಿ ನೋಡಿದಳು.

“ಅಕ್ಕಾರ, ಇಲ್ಲಿ ನೋಡ್ಬರ್ರಿ. ಇದರ ಗೆರಿ ನೆಟ್ಟಗ ನಿಂತಾವ!”

ಗುಮಾಸ್ತರು ಲೋಟ ಎತ್ತಿಕೊಂಡು, “ಅದನ್ನ ಮುಟ್ಟಬ್ಯಾಡ್ರಿ, ಸರಕಾರದ್ದು” ಎಂದರು.

ನಮಗೆ ತಪ್ಪು ಕಲಿಸಿದವರು ಸರಿ ಉತ್ತರದ ಮೇಲೆಯೇ ದಿನಕ್ಕೆರಡು ಸಲ ಚಹಾ ಇಟ್ಟುಕೊಂಡಿದ್ದರು. ಒಮ್ಮೆ ಬಗ್ಗಿ ನೋಡಲು ಎಷ್ಟು ಹೊತ್ತು ಬೇಕಿತ್ತು?

ಚೀಟಿ ಸಿಗಲಿಲ್ಲ. ವಿರುಪಾಕ್ಷಪ್ಪ, ನಮ್ಮ ಪುಣ್ಯ, ಚೀಟಿಯ ಬದಲು ಜೋಳದ ಚೀಲಗಳ ಮೇಲೆ ಕುಳಿತ ಅತ್ತೆಯ ಫೋಟೊವನ್ನು ವ್ಯಾಪಾರಿಗೆ ಕಳಿಸಿದರು. ಲೋಡು ಹೋಯಿತು. ಮೂರನೇ ದಿನ ಫೋನು: “ಶರಣಮ್ಮಾರ, ಒಂದೂ ಕುಂತಿಲ್ರಿ. ಛಲೋ ಆತು. ಮುಂದಿನ ಲೋಡಿಗೂ ನಿಮ್ಮವ ಇರಲಿ.”

ಘಟಕದಲ್ಲಿ ಆವತ್ತು ಗೋಧಿ ರವೆ, ಬೆಲ್ಲದ ಸಜ್ಜಕ ಮಾಡಿದ್ದರು. ನಾನು ಎರಡು ಸಲ ಹಾಕಿಸಿಕೊಂಡೆ. ಪುಸ್ತಿಕೆ ಇನ್ನೂ ದೇವರ ಗೂಡಿನಲ್ಲೇ ಇದೆ; ಆ ಚಿತ್ರದ ಮೇಲೆ ಮಾತ್ರ ಹುಲಿಗೆವ್ವ ಇದ್ದಿಲಿನಿಂದ ನೆಟ್ಟಗೆ ಗೆರೆ ಎಳೆದಿದ್ದಾಳೆ.

ಆದರೆ ಅದೇ ಪುಸ್ತಿಕೆ ಗಂಗಾವತಿಗೂ ಕುಷ್ಟಗಿಗೂ ಹೋಗಿದೆ. ಅಲ್ಲೆಲ್ಲ ಒಬ್ಬೊಬ್ಬ ಹುಲಿಗೆವ್ವ ಇರುತ್ತಾಳೆಂದು ನಂಬಿ ಕೂರುವುದು ಆಡಳಿತವೇ?

ಆದ್ದರಿಂದ ಸದರಿ ಕಚೇರಿಯ ಮುಖ್ಯಸ್ಥರಲ್ಲಿ ಈ ಅಂಕಣದ ಮೂಲಕ ವಿನಂತಿಸುತ್ತೇನೆ. ಆ ಚಿತ್ರವನ್ನು ಯಾರು ಪರಿಶೀಲಿಸಿ ಒಪ್ಪಿದರೆಂಬುದನ್ನು ತಿಳಿಸಬೇಕು. ಪುಸ್ತಿಕೆ ಪಡೆದ ಪ್ರತಿಯೊಂದು ಘಟಕಕ್ಕೂ ತಿದ್ದುಪಡಿ ತಲುಪಿಸಬೇಕು. ಯಂತ್ರವನ್ನು ಹೊರತೆಗೆದು, ಮೊದಲ ಪರೀಕ್ಷೆಯನ್ನು ಹುಲಿಗೆವ್ವನ ಪೆಟ್ಟಿಗೆಯಿಂದಲೇ ಆರಂಭಿಸಬೇಕು. ಜೊತೆಗೆ ಒಂದು ಪ್ರಶ್ನೆಗೆ ಲಿಖಿತ ಉತ್ತರ ಕೋರುತ್ತೇನೆ: ಚಹಾದ ಟ್ರೇಯನ್ನು ಯಾವ ದಿನದಿಂದ ಬೇರೆ ಕಡೆ ಇಡುತ್ತೀರಿ?