ಅಕ್ಕ ಅನ್ನಕ್ಕೆ ಹೆದರಿದ ದಿನಗಳು

ಅಕ್ಕ ಅಜ್ಜಂಪುರದಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದಾಳೆ. ಬಾಣಂತನದಲ್ಲಿ ಬಂದ ದಪ್ಪ ಇಳಿದೇ ಇರಲಿಲ್ಲ. ಅದನ್ನು ಯಾರೂ ಕಾಯಿಲೆಯೆಂದುಕೊಂಡಿರಲಿಲ್ಲ. ಮುಟ್ಟು ನಿಂತು ಕೆಲವು ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಾಗ, ಉಷ್ಣವಿರಬೇಕು ಎಂದು ಜೀರಿಗೆ ನೀರು ಕುಡಿದು ಸುಮ್ಮನಿದ್ದಳು. ತರೀಕೆರೆಯಲ್ಲಿರುವ ನನಗೆ ಹೇಳಿದ್ದು ತಿಂಗಳುಗಳ ನಂತರ.

ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಗರ್ಭಕೋಶದ ಒಳಪದರದಲ್ಲಿ ಕ್ಯಾನ್ಸರ್ ಎಂದರು.

"ನಮ್ ವಂಶದಲ್ಲೇ ಯಾರಿಗೂ ಇಲ್ಲ. ನಂಗ್ಯಾಕೆ ಬಂತು?" ಅಕ್ಕ ಕೇಳಿದಳು.

ಡಾಕ್ಟರಮ್ಮ ತಾಳ್ಮೆಯಿಂದ ಹೇಳಿದರು: "ಇದೇ ಕಾರಣ ಅಂತ ಹೇಳೋಕಾಗಲ್ಲಮ್ಮ. ಆದ್ರೆ ಕೊಬ್ಬು ಮೈಯಲ್ಲಿ ಸುಮ್ನೆ ಕೂತಿರಲ್ಲ. ಮುಟ್ಟು ನಿಂತ ಮೇಲೂ ಈಸ್ಟ್ರೋಜನ್ ಅನ್ನೋ ಹಾರ್ಮೋನು ತಯಾರಿಸ್ತಾ ಇರುತ್ತೆ. ಅದರಿಂದ ಗರ್ಭಕೋಶದ ಪದರ ಬೆಳೀತಾ ಹೋಗುತ್ತೆ. ನಿಮಗೆ ಸಕ್ಕರೆ ಕಾಯಿಲೆ ಬೇರೆ ಇದೆ. ದಪ್ಪಗಿರೋರಿಗೆ ಬರೋ ಸಕ್ಕರೆ ಕಾಯಿಲೇಲಿ ಹೆಚ್ಚಾಗಿ ಮೈಯಲ್ಲಿ ಇನ್ಸುಲಿನ್ ಏರಿರುತ್ತೆ, ಅದು ಗಡ್ಡೆ ಬೆಳೆಯೋಕೂ ಅನುಕೂಲ."

ಆಪರೇಷನ್ ಚೆನ್ನಾಗಿಯೇ ಆಯಿತು. ಕಾಯಿಲೆ ಬೇರೆಡೆ ಹರಡಿರಲಿಲ್ಲ. ಆರೈಕೆಗೆಂದು ನಾನು ಅವಳ ಮನೆಯಲ್ಲೇ ಉಳಿದೆ. ಅಕ್ಕ ತಟ್ಟೆಯ ಮುಂದೆ ಕೂತು ಅನ್ನ ಕಲೆಸುತ್ತಿದ್ದಳೇ ಹೊರತು ಬಾಯಿಗಿಡುತ್ತಿರಲಿಲ್ಲ. ನೋಡಲು ಬಂದವರೆಲ್ಲ, "ಇಳ್ದಿದ್ದೀಯ ಕಣೇ, ಲಕ್ಷಣವಾಗ್ ಕಾಣ್ತೀಯ" ಎಂದು ಹೊಗಳಿ ಹೋಗುತ್ತಿದ್ದರು. ಒಂದು ಬೆಳಗ್ಗೆ ಬಚ್ಚಲಿನಿಂದ ಬರುತ್ತಾ ಗೋಡೆ ಹಿಡಿದುಕೊಂಡೇ ಕುಸಿದಳು.

"ಯಾಕಕ್ಕ ಹಿಂಗ್ ಮಾಡ್ತೀಯ?"

"ನಾನ್ ತಿಂದಿದ್ದೇ ಅಲ್ವೇನೇ ಅದನ್ನ ಸಾಕಿದ್ದು? ಇನ್ನೊಂದ್ಸಲ ಸಾಕಲ್ಲ."

ನನಗೆ ಸಿಟ್ಟು ಬಂತು. ಯಾರ ಮೇಲೆಂದು ತಿಳಿಯಲಿಲ್ಲ. ಬಾಣಂತಿಯನ್ನು ಹಾಸಿಗೆಯಿಂದ ಏಳಗೊಡದ ಅಮ್ಮನ ಮೇಲೋ, ದಿನವಿಡೀ ಕೂತೇ ಮಾಡಬೇಕಾದ ಅವಳ ಕಸುಬಿನ ಮೇಲೋ.

ಮತ್ತೆ ಡಾಕ್ಟರ ಬಳಿ ಹೋದೆವು. "ತೂಕ ಇಳೀಬೇಕು, ನಿಜ. ಉಪವಾಸ ಬಿದ್ದಲ್ಲ. ಮೊದಲು ಗಾಯ ಮಾಯಲಿ. ದಪ್ಪಗಿರೋ ಎಷ್ಟೋ ಜನಕ್ಕೆ ಇದು ಬರಲ್ಲ, ಸಣ್ಣಗಿರೋರಿಗೂ ಬರುತ್ತೆ. ನಿಮ್ಮ ತಪ್ಪು ಅಂದ್ಕೋಬೇಡಿ" ಎಂದರು. ಕಾಯಿಲೆ ಗೊತ್ತಾದಾಗಲೂ ಅಳದ ಅಕ್ಕ ಅಲ್ಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ವಾಪಸ್ ಬರುವಾಗ ತರೀಕೆರೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ, ನಾನು ಒತ್ತಾಯಿಸದೆಯೇ ಇಡ್ಲಿ ತಿಂದಳು.

ತಪಾಸಣೆಗಳಲ್ಲಿ ಈವರೆಗೆ ಏನೂ ಕಂಡಿಲ್ಲ. ಅಕ್ಕ ಉಣ್ಣುತ್ತಾಳೆ, ನಡೆಯುತ್ತಾಳೆ, ಮಾತ್ರೆ ತಪ್ಪಿಸುವುದಿಲ್ಲ. ಆದರೆ ಮದುವೆಮನೆಯಲ್ಲಿ ಬಡಿಸುವವರು ಹೋಳಿಗೆಗೆ ತುಪ್ಪ ಹಾಕಲು ಬಗ್ಗಿದರೆ ಅವಳ ಕೈ ಎಲೆಗೆ ಅಡ್ಡ ಬರುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ. ಪಕ್ಕದಲ್ಲಿ ಕೂತ ನನಗೂ ಆಮೇಲೆ ಊಟ ಸೇರುವುದಿಲ್ಲ.