ತೂತಿನ ಬಟ್ಟಲು ಮಾಡಿದ ಮನೆತನ

ಕುಂಬಾರಗಿತ್ತಿ ನೆದಾಳ ಮುತ್ತಜ್ಜ ರಾಚೋ. ನಮ್ಮೂರು ಗ್ಲಿನಿತ್ಸಾಕ್ಕೆ ಬೆಟ್ಟದ ಮೇಲಿಂದ ಮಣ್ಣಿನ ಕೊಳವೆ ಜೋಡಿಸಿ ನೀರು ಇಳಿಸಿದವನು ಅವನೇ. ಅವನ ಮಗ ಮಿಂಚೋ ಇಗರ್ಜಿಯ ಮಾಡಿಗೆ ಹೆಂಚು ಸುಟ್ಟುಕೊಟ್ಟ. ಅರವತ್ತು ಚಳಿಗಾಲದ ಹಿಮ ಬಿದ್ದರೂ ಒಂದೂ ಸೀಳಿಲ್ಲ. ಮಿಂಚೋನ ಮಗ ದಿಮೋ, ಅಂದರೆ ನೆದಾಳ ಅಪ್ಪ, ಕಣ್ಣು ಮುಚ್ಚಿಕೊಂಡೇ ಒಂದರಂತೆ ಒಂದು ಹೂಜಿ ಎಬ್ಬಿಸುತ್ತಿದ್ದ. ಆದರೂ ಈ ಮನೆತನದ ಹೆಸರು ಉಳಿದದ್ದು ನೀರಿನಿಂದಲ್ಲ, ಹೆಂಚಿನಿಂದಲ್ಲ. ಒಂದು ತೂತಿನಿಂದ.

ಮದುವೆಯಾದ ಮರುದಿನ, ಸೋಮವಾರ, ಗಂಡಿನ ಕಡೆಯವರು ಹೆಣ್ಣಿನ ಅಪ್ಪನಿಗೆ ಬಟ್ಟಲು ತುಂಬ ವೈನು ಕೊಡುವುದು ಹಳೆಯ ಮರ್ಯಾದೆ. ರಾಚೋಗೆ ತನ್ನ ಹಿರಿಸೊಸೆಯ ನಡತೆಯ ಮೇಲೆ ಅನುಮಾನ ಬಂತು. ಬಟ್ಟಲಿನ ತಳಕ್ಕೆ ತೂತು ಕೊರೆದು, ಬೆರಳು ಒತ್ತಿ ಹಿಡಿದು, ವೈನು ತುಂಬಿ ಬೀಗನ ಕೈಗಿತ್ತ. ಬೆರಳು ಸರಿಯಿತು, ವೈನು ಬೀಗನ ಬಿಳಿ ಅಂಗಿಯ ಮೇಲೆ ಇಳಿಯಿತು. ಊರು ನಕ್ಕಿತು. ಮೊದಲ ಸಲ ನಗೆ, ಎರಡನೇ ಸಲ ರೂಢಿ, ಮೂರನೇ ಸಲ ಶಾಸ್ತ್ರ. ಅಂದಿನಿಂದ ಪ್ರತಿ ಮದುವೆಗೂ ಆ ಮನೆಯಿಂದ ಎರಡು ಬಟ್ಟಲು ಹೋಗಲೇಬೇಕು. ಮೊದಲ ರಾತ್ರಿ ಕಳೆದು ಹುಡುಗಿಯ ಒಳಂಗಿಯಲ್ಲಿ ರಕ್ತದ ಕಲೆ ಕಂಡರೆ ಅವಳ ಅಪ್ಪನಿಗೆ ಗಟ್ಟಿ ಬಟ್ಟಲು. ಕಾಣದಿದ್ದರೆ ತೂತಿನದು, ಹುಡುಗಿ ಕತ್ತೆಯ ಮೇಲೆ ಬಾಲದ ಕಡೆ ಮುಖ ಮಾಡಿ ತವರಿಗೆ.

ದಿಮೋನ ಕಾಲದಲ್ಲಿ ಹದಿಮೂರು ಅಪ್ಪಂದಿರ ಅಂಗಿ ಒದ್ದೆಯಾಯಿತು. ಪ್ರತಿ ಸಲವೂ ಮುಂದಿನ ಸಾಲಿನಲ್ಲಿ ನಿಂತು, "ವೈನು ಸಿಹಿಯಾಗಿತ್ತಾ ಮಾವ?" ಎಂದು ಕೇಳುವವನು ಅವನೇ. ಹಾಗೆ ಕೇಳಿಸಿಕೊಂಡವರಲ್ಲಿ ಗಾಂಕಾ ಎಂಬ ಹುಡುಗಿಯ ಅಪ್ಪನೂ ಒಬ್ಬ. ಕತ್ತೆಯ ಮೇಲೆ ವಾಪಸು ಬಂದ ಗಾಂಕಾಳ ಅಕ್ಕ ಆ ವಾರವೇ ಬಾವಿಗೆ ಬಿದ್ದಳು. ಗಾಂಕಾಗೆ ಆಗ ಹನ್ನೆರಡು ವರ್ಷ. ಅವಳು ಅಳಲಿಲ್ಲ. ನೆನಪಿಟ್ಟುಕೊಂಡಳು.

ಮೂವತ್ತು ವರ್ಷದ ಮೇಲೆ ಅದೇ ಗಾಂಕಾ ತನ್ನ ಮಗ ಪೆಯೋಗೆ ನೆದಾಳನ್ನು ಕೇಳಿಕೊಂಡು ಬಂದಳು. ದಿಮೋ ಹಳೆಯದನ್ನೆಲ್ಲ ಎಂದೋ ಮರೆತಿದ್ದ. ಹೊಡೆದವನಿಗೆ ಎಲ್ಲಿ ನೆನಪಿರುತ್ತದೆ? ಮಗಳ ಮದುವೆಗೆ ಎರಡೂ ಬಟ್ಟಲನ್ನು ತಾನೇ ಖುಷಿಯಿಂದ ತಿರುಗಿಸಿದ. ಮೊದಲ ರಾತ್ರಿ ಪೆಯೋ ಪ್ಲಮ್ಮಿನ ರಕಿಯಾ ಕುಡಿದು ಬೂಟು ಕೂಡ ಬಿಚ್ಚದೆ ಬಿದ್ದುಕೊಂಡ. ಬೆಳಿಗ್ಗೆ ಗಾಂಕಾ ಬಂದು ಬೂಟನ್ನೂ ನೋಡಿದಳು, ಒಳಂಗಿಯನ್ನೂ ನೋಡಿದಳು. ಎಲ್ಲ ತಿಳಿಯಿತು. ತಿಳಿದೇ ತೂತಿನ ಬಟ್ಟಲು ಎತ್ತಿಕೊಂಡಳು.

ದಿಮೋನ ಎದೆಯ ಮೇಲೆ ವೈನು ಇಳಿಯಿತು.

"ಸಿಹಿಯಾಗಿತ್ತಾ ಬೀಗರೇ?" ಎಂದಳು ಗಾಂಕಾ.

"ಅಪ್ಪಾ, ಅವನು ಕುಡಿದು ಮಲಗಿಬಿಟ್ಟ. ನನ್ನ ಮುಟ್ಟಲೇ ಇಲ್ಲ," ಎಂದಳು ನೆದಾ, ಕತ್ತೆಯ ಮೇಲಿಂದಲೇ.

ದಿಮೋ ಬಟ್ಟಲು ಮಗುಚಿ ತೂತನ್ನು ಹೆಬ್ಬೆರಳಿನಿಂದ ಸವರಿದ. "ನನ್ನ ಕೈಯದೇ. ಇದು ಸುಳ್ಳಾದ್ರೆ ಆ ಹದಿಮೂರೂ ಸುಳ್ಳಾಗ್ಬೇಕು. ನನ್ನ ಬಟ್ಟಲು ಸುಳ್ಳು ಹೇಳಲ್ಲ. ಹೆಣ್ಣು ಹೇಳ್ತಾಳೆ."

ಆಮೇಲೆ ಆರು ವರ್ಷ ಬದುಕಿದ. ನೆದಾ ಮಣ್ಣು ತುಳಿದಳು, ಸೌದೆ ಹೊತ್ತಳು, ಸಾರು ಬಡಿಸಿದಳು. ಅವನು ಅವಳೊಡನೆ ಒಂದು ಮಾತೂ ಆಡಲಿಲ್ಲ. ಬೇಕಾದದ್ದನ್ನು ಬೆಕ್ಕಿಗೆ ಹೇಳುತ್ತಿದ್ದ: "ಬೆಕ್ಕೇ, ಉಪ್ಪು ಕಡಿಮೆ." ಅವನು ಹಾಸಿಗೆ ಹಿಡಿದಾಗ ನೆದಾ ಪೆಯೋನ ಬಾಗಿಲಿಗೆ ಓಡಿದಳು.

"ಅತ್ತೇ, ಅವನು ಬಂದು ಒಂದೇ ಒಂದು ಮಾತು ಹೇಳಲಿ. ಅಪ್ಪ ಸಾಯೋಕೆ ಮುಂಚೆ."

"ಮಗ ಮನೇಲಿಲ್ಲ," ಎಂದಳು ಗಾಂಕಾ.

ಪೆಯೋನ ಬೂಟು ಹೊಸ್ತಿಲ ಪಕ್ಕದಲ್ಲೇ ಇತ್ತು. ಒಳಗೆ ಯಾರೋ ಕೆಮ್ಮಿದರು.

ದಿಮೋ ಗೋಡೆಯ ಕಡೆ ಮುಖ ಮಾಡಿಕೊಂಡೇ ಸತ್ತ. ಮೂರನೇ ದಿನ ನೆದಾ ಅವನ ತಿಗರಿಯ ಮುಂದೆ ಕೂತಳು. ಊರು ಅವಳನ್ನು ಒಂದು ಮದುವೆಗೂ ಕರೆಯಲಿಲ್ಲ, ಬಟ್ಟಲಿಗೆ ಮಾತ್ರ ಹೇಳಿ ಕಳಿಸಿತು. ಇವಳಾದರೂ ತೂತು ಕೊರೆಯುವುದನ್ನು ಬಿಡುತ್ತಾಳೆಂದು ಕೆಲವು ತಾಯಂದಿರು ಕಾದರು. ಬಿಡಲಿಲ್ಲ. ಅಪ್ಪನದಕ್ಕಿಂತ ನುಣುಪಾಗಿ ಕೊರೆದಳು.

ಹೀಗೆ ಹದಿನಾರು ವರ್ಷ. ಗಾಂಕಾ ಸತ್ತಳು. ಪೆಯೋ ಮರುಮದುವೆಯಾಗಿದ್ದ, ಆ ಮದುವೆಯ ಮಗಳು ಮಿಲ್ಕಾ ಮದುವೆಯ ವಯಸ್ಸಿಗೆ ಬಂದಳು. ಅವಳ ಮದುವೆಗೆ ಇನ್ನು ನಾಲ್ಕು ದಿನವಿರುವಾಗ, ಗಾಡಿ ತುಂಬ ಓಕ್ ಸೌದೆ ಹೇರಿಕೊಂಡು ಅವನು ನೆದಾಳ ಅಂಗಳಕ್ಕೆ ಬಂದ.

"ನನ್ನ ಮಗಳು ಚಿನ್ನ, ನೆದಾ. ಆದ್ರೆ ಹುಡುಗನ ಅಜ್ಜಿಗೂ ನಮ್ಮವ್ವಂಗೂ ಹಳೇ ಹಗೆ. ಅವಳ ಕೈಗೆ ಯಾವ ಬಟ್ಟಲು ಬರುತ್ತೋ ನಂಗೊತ್ತು."

"ಗೊತ್ತಿರ್ಬೇಕಾದವನೇ ನೀನು."

"ಎರಡೂ ಗಟ್ಟಿಯವೇ ಮಾಡು. ಭಾನುವಾರ ಇಗರ್ಜಿ ಮುಂದೆ ನಿಂತು ಆವತ್ತಿನ ನಿಜ ಎಲ್ಲರ ಮುಂದೆ ಹೇಳ್ತೀನಿ. ನಿನ್ನ ಹೆಸರು ಚೊಕ್ಕ ಆಗುತ್ತೆ. ಈ ಚಳಿಗಾಲದ ಸೌದೇನೂ ನಂದೇ. ಒಬ್ಳೇ ಎಷ್ಟು ಅಂತ ಹೊರ್ತೀಯಾ?"

ನೆದಾ ತಿಗರಿ ನಿಲ್ಲಿಸಲಿಲ್ಲ. ಹಲಗೆಯ ಮೇಲೆ ಎರಡು ಬಟ್ಟಲು ಒಣಗುತ್ತಿದ್ದವು. ಒಂದರ ತಳದಿಂದ ಬಿಸಿಲು ತೂರಿ ನೆಲದ ಮೇಲೆ ಕಾಳಿನಷ್ಟು ಬೆಳಕು ಬಿದ್ದಿತ್ತು.

"ಬೇಡ ಪೆಯೋ. ಸೌದೆ ನಾನೇ ಹೊರ್ತೀನಿ, ಬೆನ್ನಿಗೆ ಅಭ್ಯಾಸ ಆಗಿದೆ. ಹೆಸರು ತೊಳೆದು ಯಾರಿಗೆ ತೋರಿಸ್ಲಿ? ನೋಡ್ಬೇಕಾದವನು ಗೋಡೆ ಕಡೆ ತಿರುಗಿ ಹೋದ. ನಿನ್ನ ಗಾಡಿ ಹೊಡ್ಕೊಂಡು ಹೋಗು. ಹೋಗಿ ಒಂದು ಒಳ್ಳೇ ಬಿಳೀ ಅಂಗಿ ಹೊಲಿಸ್ಕೋ."