ರಕ್ತ ಜೋರಾಗಿ ಹರಿಯುತ್ತದೆ ಎಂದ ದಿನ

ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಹಸನು ಮಾಡುತ್ತ ಕೂತಿದ್ದೆ. ಮಗಳ ಫೋನ್ ಬಂತು. ಕಮಲಾಪುರದಿಂದ ಬೆಳಿಗ್ಗೆ ಬಸ್ಸಿಗೆ ಬಂದವಳು ಮೊಮ್ಮಗಳನ್ನು ಕರೆದುಕೊಂಡು ಇಲ್ಲೇ ಕಲಬುರಗಿಯ ಆಸ್ಪತ್ರೆಗೆ ಹೋಗಿದ್ದಳು. ಹುಡುಗಿಗೆ ಒಂಬತ್ತು ವರ್ಷ. ಹುಟ್ಟಿನಿಂದಲೇ ಸಿಕಲ್ ಸೆಲ್ ರೋಗ.

"ಯವ್ವಾ, ತಲಿ ಸ್ಕ್ಯಾನ್ ಆತು. ಒಳಗ ರಕ್ತ ಭಾಳ ಜೋರ್ ಹರಿಲಾಕತ್ತದಂತ. ಡಾಕ್ಟರ್ ಕರಿಲಾಕತ್ತಾರ, ಆಮ್ಯಾಲ ಹೇಳ್ತೀನಿ," ಎಂದು ಇಟ್ಟುಬಿಟ್ಟಳು.

ಈ ರೋಗದ ಬಗ್ಗೆ ನನಗೆ ತಿಳಿದದ್ದು ಇಷ್ಟೇ: ರಕ್ತದ ಕಣಗಳು ಕುಡುಗೋಲಿನ ಹಾಗೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ, ಅಲ್ಲಿ ನೋವು ಏಳುತ್ತದೆ. ಆ ಕೂಸು ಕಾಲು ಹಿಡಿದುಕೊಂಡು ಹೊರಳಾಡಿದ್ದನ್ನು ನೋಡಿದ್ದೇನೆ. ಸಿಕ್ಕಿಕೊಳ್ಳುವುದು ರೋಗವಾದರೆ ಜೋರಾಗಿ ಹರಿಯುವುದು ಗುಣವಾದಂತೆಯೇ ಅಲ್ಲವೇ? ಬೇಳೆ ಅಲ್ಲೇ ಬಿಟ್ಟು ಶರಣಬಸವೇಶ್ವರ ಗುಡಿಗೆ ಹೋಗಿ ಕಾಯಿ ಒಡೆಸಿದೆ. ಬರುವಾಗ ಪಕ್ಕದ ಮನೆಯವರ ಕೈಗೂ ಸಕ್ಕರೆ ಹಾಕಿ, "ನಮ್ಮ ಹುಡುಗಿ ರಕ್ತ ಈಗ ಛಂದ ಹರಿತದ್ರಿ," ಎಂದೆ.

ಮಧ್ಯಾಹ್ನ ಇಬ್ಬರೂ ಬಂದರು. ಮಗಳ ಬಾಯಿಗೂ ಸಕ್ಕರೆ ಹಾಕಲು ಹೋದೆ. ಕೈ ಹಿಡಿದಳು.

"ಯಾತರ ಸಕ್ರಿ ಇದು?"

"ರಕ್ತ ಜೋರ್ ಹರಿತದ ಅಂದಿಯಲ್ಲ."

ಅವಳು ಗೋಡೆಗೆ ಒರಗಿ ಕೂತುಬಿಟ್ಟಳು. "ಅದು ಛಲೋ ಅಲ್ಲ ಯವ್ವಾ. ಬಾಗಿದ ಕಣ ಉಜ್ಜಿ ಉಜ್ಜಿ ನಾಳದ ಒಳಗಿನ ಪದರ ಕೆಟ್ಟದ. ನಾಳ ಸಡಿಲ ಆಗಬೇಕಂದ್ರ ಆಗವಲ್ದು. ದಪ್ಪಾಗಿ, ಒಳಗ ದಾರಿ ಸಣ್ಣದಾಗ್ಯದ. ಅದಕ್ಕ ಅಲ್ಲಿ ರಕ್ತ ನುಗ್ಗತದ. ಮುಚ್ಚಿಕೊಂಡ್ರ ಲಕ್ವ ಹೊಡಿತದಂತ."

"ಕೂಸು ಕುಣಕೋತ ಬಂದಾಳಲ್ಲ?"

"ಹೊರಗ ಗೊತ್ತೇ ಆಗಲ್ಲಂತ. ತಿಂಗಳಾ ತಿಂಗಳಾ ಬ್ಯಾರೆಯವರ ರಕ್ತ ಏರಿಸಬೇಕು, ನಾಳೇನೇ ಶುರು ಮಾಡಮು ಅಂದಾರ."

ನುಗ್ಗುತ್ತಿರುವ ರಕ್ತದ ಮೇಲೆ ಮತ್ತೆ ರಕ್ತವೇ? ಎರಡು ಸಲ ಕೇಳಿದೆ. ಒಳ್ಳೆಯ ಕಣಗಳು ಸೇರಿದರೆ ಬಾಗುವ ಕಣಗಳ ಪಾಲು ಇಳಿಯುತ್ತದೆ, ಲಕ್ವದ ಭಯವೂ ಇಳಿಯುತ್ತದೆ ಎಂದಳು. ತಲೆ ಆಡಿಸಿದೆ. ಅರ್ಧ ತಿಳಿಯಿತು, ಅರ್ಧ ಇಲ್ಲ.

"ಕಾಯಿ ಒಡೆಸಿ ಬಂದೀನಲ್ಲ, ಗುಡ್ಯಾಗಿನ ಅಪ್ಪಗ ಈಗ ಏನಂತ ಹೇಳ್ಲಿ?"

ಮೊಮ್ಮಗಳು ನನ್ನ ಕೈಯಲ್ಲಿದ್ದ ಸಕ್ಕರೆ ಬಾಯಿಗೆ ಹಾಕಿಕೊಂಡಳು. "ತಪ್ಪಿ ಒಡಿಸೀನಿ ಅನ್ನು ಆಯಿ, ವಾಪಸ್ ಕೊಡ್ತಾನ."

ಮಗಳು ನಕ್ಕಳು. ನಕ್ಕು ಮುಖ ಆ ಕಡೆ ತಿರುಗಿಸಿದಳು. "ಊರಿಗೆ ಹೋಗಿ ಮನ್ಯಾಗ ಕೇಳಿ ಬರ್ತೀನಿ," ಎಂದಳು ಸಣ್ಣ ದನಿಯಲ್ಲಿ.

"ಫೋನಿನ್ಯಾಗ ಕೇಳು. ರಾತ್ರಿ ಇಲ್ಲೇ ಇರ್ರಿ. ನಾಳಿ ನಾನೂ ಬರ್ತೀನಿ."

ಕೈಕಾಲು ಬೀಳುವ ಮೊದಲೇ ತಿಳಿಯಿತಲ್ಲ, ಆ ಕಾಯಿ ಅದಕ್ಕೇ ಇರಲಿ ಎಂದು ಅಪ್ಪನಿಗೆ ಮನಸ್ಸಿನಲ್ಲೇ ಹೇಳಿದೆ. ಅದು ಅವನ ಕೃಪೆಯೋ, ನಾನೇ ಮಾಡಿಕೊಂಡ ಸಮಾಧಾನವೋ, ಇವತ್ತಿಗೂ ಬಗೆಹರಿದಿಲ್ಲ. ಅಷ್ಟರಲ್ಲಿ ಮಗಳು ಅಳಿಯನಿಗೆ ಫೋನ್ ಹಚ್ಚಿದ್ದಳು. "ಹೂಂ, ನಾಳೇನೇ," ಎನ್ನುವುದು ಕೇಳಿಸಿತು. ಆಸ್ಪತ್ರೆಯಲ್ಲಿ ದಿನವಿಡೀ ಕೂರಬೇಕಾದರೆ ಬುತ್ತಿ ಬೇಕು. ಒಳಗೆ ಹೋಗಿ ಜೋಳದ ಹಿಟ್ಟು ಸೋಸಿದೆ, ರೊಟ್ಟಿಗೆ ಎಸರಿಟ್ಟೆ.